ಅತ್ತೆಯ ಹಾಡಿಗೆ ನನ್ನ ಕರೆಂಟು

“ವೈರಿನ ವಿಷಯ ನನಗೆ ಬಿಡಿ. ಯಾರೂ ಕೈ ಹಾಕಬೇಡಿ.”

ಊಟದ ಮೇಜಿನ ಮುಂದೆ ಸೌಟು ಎತ್ತಿ ಹೀಗೆಂದು ಘೋಷಿಸಿದಾಗ ಮೂರು ಲೋಕದ ಕರೆಂಟನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡಷ್ಟು ಗತ್ತು ನನಗೆ!

ಕಾರಣವಿತ್ತು. ನಮ್ಮ ಮನೆಯ ಬ್ಯಾಂಡು ಮೊದಲ ಸಲ ಬಡಾವಣೆಯ ಸಭಾಂಗಣದ ವೇದಿಕೆ ಹತ್ತುವುದಿತ್ತು. ಗಿಟಾರಿಗೆ ನಾದಿನಿ, ಕೀಬೋರ್ಡಿಗೆ ನಾನು, ಹಾಡುವುದಕ್ಕೆ ನಮ್ಮತ್ತೆ. ಅತ್ತೆಯ ಕಂಠ ಬಂಗಾರ. ಆದರೆ ಮದುವೆಯಾದಾಗಿನಿಂದ ಅವರು ಒಂದು ಹಾಡನ್ನೂ ಕೊನೆಮುಟ್ಟ ಹಾಡಿದವರಲ್ಲ. ಪಲ್ಲವಿ ಎತ್ತಿಕೊಂಡರೆ ಹಾಲು ಉಕ್ಕುತ್ತಿತ್ತು. ಚರಣಕ್ಕೆ ಬಂದರೆ ಬಾಗಿಲ ಗಂಟೆ ಹೊಡೆದುಕೊಳ್ಳುತ್ತಿತ್ತು. ಸ್ವರ ಏರಿಸುವ ಹೊತ್ತಿಗೆ ಸರಿಯಾಗಿ ಯಾರಿಗೋ ಕಾಲುಚೀಲ ಸಿಗುತ್ತಿರಲಿಲ್ಲ. ಈ ಮನೆಯ ಕಾಲುಚೀಲಗಳಿಗೆ ಅತ್ತೆಯ ಸಂಗೀತದ ಮೇಲೆ ಅದೇನು ಹಳೆಯ ಹಗೆಯೋ!

“ಒಂದೇ ಒಂದು ಹಾಡು, ಮೊದಲಿಂದ ಕೊನೇವರೆಗೂ, ಯಾರೂ ಕರೀದೇ ಇದ್ರೆ ಸಾಕು ಕಣೇ” ಎಂದಿದ್ದರು ನನ್ನ ಹತ್ತಿರ. ಅವರು ನನ್ನ ಒಡವೆಯನ್ನೆಲ್ಲ ಕೇಳಿದ್ದರೂ ಅಷ್ಟು ಸಂಕಟವಾಗುತ್ತಿರಲಿಲ್ಲ.

ಇಂಥ ಹಾಡಿನ ಮೈಕಿಗೂ ಕೀಬೋರ್ಡಿಗೂ ಕರೆಂಟು ಎಳೆಯಲು ನನ್ನ ಗಂಡ ತಂದು ಮುಂದಿಟ್ಟದ್ದು ಮನೆಯ ಹಳೆಯ ಎಕ್ಸ್‌ಟೆನ್ಶನ್ ವೈರು. ಇಸ್ತ್ರಿಪೆಟ್ಟಿಗೆಗೂ ಮಿಕ್ಸಿಗೂ ದುಡಿದು ಸೊರಗಿದ ಎರಡು ಪಿನ್ನಿನ ಮುದುಕ. ಮೈತುಂಬ ಕಪ್ಪು ಟೇಪಿನ ಪಟ್ಟಿ. ಇಷ್ಟು ದಿನ ಏನೂ ಆಗಿಲ್ಲ, ಇದೇ ಸಾಕು ಎಂದರು.

“ಇಷ್ಟು ದಿನ ಇದನ್ನ ಚುಚ್ಚಿಕೊಂಡು ಇಸ್ತ್ರಿ ಮಾಡಿದ್ದು ಯಾರು?” ಎಂದೆ.

ಅವರು ವೈರನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು.

ನಾನೇ ಅಂಗಡಿಗೆ ಹೋದೆ. ದಪ್ಪ ರಬ್ಬರಿನ ಹೊದಿಕೆಯೇ, ಅರ್ತ್ ಇರುವ ಮೂರು ಪಿನ್ನೇ, ಎಷ್ಟು ಭಾರ ಹೊರುತ್ತದೆ, ಯಾರಾದರೂ ತುಳಿದರೆ ತಡೆಯುತ್ತದೆಯೇ ಎಂದು ಅಂಗಡಿಯವರ ಬಾಯಿ ಒಣಗಿಸಿದೆ. ಗಂಡನ್ನು ನೋಡುವಾಗ ಇದರ ಕಾಲುಭಾಗ ವಿಚಾರಿಸಿದ್ದರೂ ನನ್ನ ಬದುಕು ಬೇರೆಯೇ ಇರುತ್ತಿತ್ತು! ಕೊನೆಗೆ ದೊಡ್ಡ ರಾಟೆಗೆ ಸುತ್ತಿದ ಉದ್ದನೆಯ ವೈರೊಂದನ್ನು ಆರಿಸಿದೆ. ಅತಿಯಾಗಿ ಬಿಸಿಯಾದರೆ ತಾನೇ ಕರೆಂಟು ಕಡಿದುಬಿಡುವ ಕೆಂಪು ಗುಂಡಿ ಬೇರೆ ಅದಕ್ಕೆ.

ಕಾರ್ಯಕ್ರಮದ ಸಂಜೆ ನೋಡಿದರೆ ಗೋಡೆಯ ಪ್ಲಗ್ಗು ವೇದಿಕೆಯ ಮಗ್ಗುಲಲ್ಲೇ ಇತ್ತು. ಎರಡು ಮೊಳ ಎಳೆದುಕೊಂಡೆ. ಉಳಿದದ್ದೆಲ್ಲ ರಾಟೆಯಲ್ಲೇ ಅಚ್ಚುಕಟ್ಟಾಗಿ ಕೂತಿತ್ತು. ಹರಡಿದ್ದನ್ನು ಎತ್ತಿಡುವುದರಲ್ಲೇ ಅರ್ಧ ಆಯಸ್ಸು ಕಳೆದವಳಿಗೆ ಅದಕ್ಕಿಂತ ಚಂದದ ನೋಟ ಉಂಟೇ? ಹಾಸಿಗೆಯ ಮೇಲೆ ಒದ್ದೆ ಟವೆಲ್ಲು ಹರಡುವ ನನ್ನ ಗಂಡನನ್ನು ಕರೆದು ತೋರಿಸಿದೆ.

“ನೋಡ್ರೀ, ಇದನ್ನ ನೋಡಿ ಕಲೀರಿ. ಎಷ್ಟು ಬೇಕೋ ಅಷ್ಟೇ ಬಿಚ್ಚಬೇಕು. ಎರಡು ಮೊಳ ಸಾಕು.”

ಅವರು ತಲೆಯಾಡಿಸಿದರು. ಅತ್ತೆಯ ಗಂಟಲಿಗೆ ಬಿಸಿನೀರು ಕಾಯಿಸುವ ಹೊಣೆ ಅವರದಾಗಿತ್ತು. ಆ ದಿನವೇ ನೋಡಿ, ಜನ್ಮದಲ್ಲಿ ಮೊದಲ ಬಾರಿಗೆ ನಾನು ನೆನಪಿಸದೆ ಒಂದು ಕೆಲಸ ಮಾಡಿದರು. ಕೆಟಲನ್ನು ತಂದು ನನ್ನದೇ ರಾಟೆಗೆ ಚುಚ್ಚಿದರು!

ಅತ್ತೆ ಹಾಡತೊಡಗಿದರು. ಪಲ್ಲವಿ ದಾಟಿತು. ಒಂದು ಚರಣ ದಾಟಿತು. ಸ್ವರ ಮೇಲಕ್ಕೇರಿತು, ಇನ್ನೇನು ತುದಿ ಮುಟ್ಟಬೇಕು, ಮೈಕು ಸತ್ತಿತು. ಕೀಬೋರ್ಡೂ ಸತ್ತಿತು. ಅತ್ತೆಯ ತುಟಿ ಮಾತ್ರ ಒಂದು ಕ್ಷಣ ಆಡಿತು. ಆಮೇಲೆ ಅವರು ನನ್ನತ್ತ ತಿರುಗಿದರು. ಸಿಟ್ಟಿರಲಿಲ್ಲ. ಹಾಲು ಉಕ್ಕಿದಾಗ ಹಾಡು ಬಿಟ್ಟು ಏಳುತ್ತಿದ್ದರಲ್ಲ, ಅದೇ ಮುಖ.

ನಾನು ಗಂಡನ ಮೇಲೆರಗಿದೆ. ಎಲ್ಲ ಆ ಕೆಟಲಿನ ಕರಾಮತ್ತು ಎಂದೆ. ಅವರು ಅದನ್ನು ಕಿತ್ತು ದೂರದ ಗೋಡೆಗೆ ಹಾಕಿದರು. ನಾನು ಕರೆಂಟು ಕಡಿದಿದ್ದ ಕೆಂಪು ಗುಂಡಿಯನ್ನು ಮತ್ತೆ ಒತ್ತಿದೆ. ಕೀಬೋರ್ಡು ಒಮ್ಮೆ ನರಳಿ ಮತ್ತೆ ಕಣ್ಣು ಮುಚ್ಚಿತು. ಮುಂದಿನ ಸಾಲಿನಲ್ಲಿ ಒಬ್ಬರು ಚಪ್ಪಲಿ ಹುಡುಕತೊಡಗಿದರು.

ಅತ್ತೆ ಬಂದು ರಾಟೆ ಮುಟ್ಟಿ ಸರಕ್ಕನೆ ಕೈ ತೆಗೆದರು. “ಬಿಸಿ ಅನ್ನ ಡಬ್ಬಿಗೆ ಒತ್ತಿ ಮುಚ್ಚಿಟ್ಟ ಹಾಗಿದೆಯಲ್ಲೇ. ಒಳಗಿನ ಬಿಸಿ ಹೋಗೋದು ಎಲ್ಲಿಂದ? ಪ್ಲಗ್ ಕಿತ್ತು ಎಲ್ಲಾ ಹರವು.”

“ಹರಡಿಕೊಂಡಿದ್ರೆ ಚೆನ್ನಾಗಿ ಕಾಣಲ್ಲ ಅತ್ತೆ...”

“ಕಾಣೋದು ಇರಲಿ. ನನಗೆ ಹಾಡು ಮುಗೀಬೇಕು.”

ಆಗ ನನ್ನ ಮರಮಂಡೆಗೆ ಹೊಳೆಯಿತು. ಕರೆಂಟು ಹರಿಯುವಾಗ ವೈರು ಬೆಚ್ಚಗಾಗುತ್ತದೆ. ಸುತ್ತಿಟ್ಟರೆ ಸುತ್ತಿನ ಬಿಸಿ ಸುತ್ತಿಗೇ ತಾಗಿ ಕುದಿಯುತ್ತದೆ. ಆ ಗುಂಡಿ ಇಲ್ಲದಿದ್ದರೆ ರಬ್ಬರು ಕರಗಿ ಬೆಂಕಿಯೇ ಹತ್ತುತ್ತಿತ್ತೇನೋ. ನಾನು ಆರಿಸಿದ ವೈರು ಸರಿಯಾಗಿಯೇ ಇತ್ತು. ಕೆಟ್ಟದ್ದು ನನ್ನ ಅಚ್ಚುಕಟ್ಟು!

ಹರಡುವ ಕೆಲಸವೆಂದರೆ ನನ್ನ ಗಂಡನಿಗೆ ಹೇಳಿಕೊಡಬೇಕೆ? ಕಣ್ಣುಮುಚ್ಚಿ ತೆರೆಯುವುದರಲ್ಲಿ ಪೂರ್ತಿ ವೈರನ್ನು ಯಾರ ಕಾಲಿಗೂ ಸಿಗದಂತೆ ಹಿಂದಿನ ಗೋಡೆಯ ಉದ್ದಕ್ಕೂ ಹಾಸಿಬಿಟ್ಟರು. ರಾಟೆ ತಣಿಯುವವರೆಗೆ ನಾದಿನಿ ಬರಿಯ ಗಿಟಾರು ನುಡಿಸಿ ಸಭೆ ಹಿಡಿದಿಟ್ಟಳು.

ಅತ್ತೆ ನಿಂತಲ್ಲಿಂದ ಮುಂದುವರಿಸಲಿಲ್ಲ. ಮೊದಲಿನಿಂದಲೇ ಎತ್ತಿಕೊಂಡು ಕೊನೆಯವರೆಗೂ ಹಾಡಿದರು. ಮುಗಿದ ಮೇಲೆ ಅಭ್ಯಾಸಬಲದಿಂದ ಯಾರೋ ಕರೆಯುತ್ತಾರೆಂಬಂತೆ ಬಾಗಿಲ ಕಡೆ ನೋಡಿದರು. ಯಾರೂ ಕರೆಯಲಿಲ್ಲ. ಚಪ್ಪಾಳೆ ಬಂತು.

ಮರುದಿನ ಬೆಳಿಗ್ಗೆ ಕೋಣೆಗೆ ಹೋದರೆ ಹಾಸಿಗೆಯ ಮೇಲೆ ಒದ್ದೆ ಟವೆಲ್ಲು ನಾಲ್ಕೂ ಮೂಲೆ ಚಾಚಿ ಮಲಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಗಂಡ ವಿನಯದಿಂದ ಅದನ್ನೆತ್ತಿಕೊಂಡು ಹಿತ್ತಲ ಹಗ್ಗದ ಕಡೆ ನಡೆದರು. ಬಾಗಿಲಲ್ಲಿ ನಿಂತು ಕೇಳಿದರು:

“ಪೂರ್ತಿ ಹರವಲಾ, ಎರಡು ಮೊಳ ಸಾಕಾ?”

ತಕ್ಕ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹೊರಕೋಣೆಯಲ್ಲಿ ಕಾಲು ಚಾಚಿ ಕೂತಿದ್ದ ಅತ್ತೆ ಆಗಷ್ಟೇ ಚರಣಕ್ಕೆ ಬಂದಿದ್ದರು. ಉತ್ತರವನ್ನು ನುಂಗಿ, ಸದ್ದಾಗದಂತೆ ಹೋಗಿ ಹಾಲಿನ ಒಲೆ ಆರಿಸಿದೆ.