ಮೊದಲ ದೃಶ್ಯದಲ್ಲೇ ಸತ್ತ ಮಹಾರಾಜ

ಇಬ್ಬರು ರಾಣಿಯರಿದ್ದರೆ ರಾಜ್ಯ ಕೆಡುತ್ತದೋ ಇಲ್ಲವೋ, ನಾಟಕ ಬರೆದವನ ಗತಿಯಂತೂ ಕೆಡುತ್ತದೆ. ದೋಹಾದ ಕನ್ನಡ ಬಳಗದ ರಾಜ್ಯೋತ್ಸವಕ್ಕೆಂದು ವಿನಯ್ ಬರೆದಿದ್ದ ನಾಟಕದಲ್ಲಿ ಮೊದಲು ಒಬ್ಬಳೇ ರಾಣಿ ಇದ್ದಳು. ಯುದ್ಧ ನಿಲ್ಲಲೆಂದು ಅಪ್ಪ ಅವಳನ್ನು ವೈರಿ ರಾಜನಿಗೆ ಧಾರೆಯೆರೆದು ಕೊಡುತ್ತಾನೆ. “ಮಂತ್ರಿಯನ್ನು ಕೇಳಿದರು, ಜೋಯಿಸರನ್ನು ಕೇಳಿದರು, ಪಟ್ಟದಾನೆಯ ಮಾವುತನನ್ನೂ ಕೇಳಿದರು, ನನ್ನೊಬ್ಬಳನ್ನು ಯಾರೂ ಕೇಳಲಿಲ್ಲ” ಎಂಬ ಅವಳ ಮಾತನ್ನು ಬರೆದ ದಿನ ವಿನಯ್ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದ.

ರಾಜನ ಪಾತ್ರ ಅವನದೇ. ಅದಕ್ಕೊಂದು ಗುಟ್ಟಿತ್ತು. ಮೈಸೂರಿನಲ್ಲಿ ಅಮ್ಮ ರಶ್ಮಿತಾ ಎಂಬ ಹುಡುಗಿಯನ್ನು ನೋಡಿಟ್ಟಿದ್ದಳು. ಅವಳ ಮನೆಯವರು ಹುಡುಗನನ್ನು ನೋಡಬೇಕೆಂದಿದ್ದರು. ವಿಡಿಯೋ ಕಾಲ್ ಮಾಡಿದರೆ ನೆತ್ತಿಯ ಬೋಳು ಎದ್ದು ಕಾಣುತ್ತದೆಂದು ಹೆದರಿದ ವಿನಯ್, “ಶುಕ್ರವಾರ ಸಂಜೆ ನಮ್ಮ ನಾಟಕ ಲೈವ್ ಬರುತ್ತಮ್ಮ, ಅದ್ರಲ್ಲೇ ನೋಡ್ಲಿ” ಎಂದಿದ್ದ. ಬೋಳು ಮುಚ್ಚಲು ಕಿರೀಟಕ್ಕಿಂತ ಮರ್ಯಾದೆಯ ದಾರಿ ಇನ್ನೇನಿದೆ?

ಶುಕ್ರವಾರ ಬೆಳಿಗ್ಗೆ ಅಲ್ ಸದ್ದ್‌ನ ಫ್ಲ್ಯಾಟಿನಲ್ಲಿ ಕೊನೆಯ ತಾಲೀಮು. ಮನೆ ಬಳಗದ ಅಧ್ಯಕ್ಷರದು. ಅವರ ಹೆಂಡತಿ ಚೂಡಾಮಣಿಯೇ ರಾಣಿ. ಅಷ್ಟರಲ್ಲಿ ಉಡುಪಿಯ ಎಲಿಜಬೆತ್ ಜರಿ ಸೀರೆ ಉಟ್ಟು ಬಂದೇಬಿಟ್ಟರು.

“ನಾಟಕದ ಹಾಲ್, ಲೈಟು, ಸೌಂಡು ಎಲ್ಲ ನನ್ನ ಗಂಡ ರಾಫೆಲ್ ಮಾಡಿಸಿದ್ದು. ರಾಣಿ ಮಾತ್ರ ನಾನಲ್ಲ ಅಂದರೆ ಅದು ಎಂತ ನ್ಯಾಯ ಮಾರಾಯ?”

ಎಲ್ಲಿ ಸಭಾಂಗಣವೇ ಕೈತಪ್ಪುತ್ತದೋ ಎಂದು ವಿನಯ್ ಅವಸರದಲ್ಲಿ ಕೈ ಅಡ್ಡ ಹಿಡಿದ. “ಇಬ್ರೂ ರಾಣಿಯರೇ ಅಕ್ಕಾ! ಆ ಕಾಲದ ರಾಜರು ಒಬ್ಬೊಬ್ಬ ವೈರಿ ಮನೆಯಿಂದ ಒಬ್ಬೊಬ್ಬಳನ್ನ ತರ್ತಿದ್ರು” ಎಂದ.

“ಹಾಗಾದ್ರೆ ಪಟ್ಟದರಸಿ ನಾನೇ ಕಣಪ್ಪ,” ಚೂಡಾಮಣಿ ಸೆರಗು ಬಿಗಿದರು. “ನಮ್ಮಪ್ಪ ಬಳುವಳಿಯಾಗಿ ಕೋಟೆ ಕೊಟ್ಟಿದ್ದಾನೆ, ಆನೆ ಕೊಟ್ಟಿದ್ದಾನೆ.”

“ಆನೆ ಕಟ್ಟಿಕೊಂಡು ಎಂತ ಮಾಡುವುದು? ನನ್ನ ಅಪ್ಪನ ಬಂದರು ಇಲ್ಲದಿದ್ದರೆ ನಿಮ್ಮ ರಾಜನಿಗೆ ಕುದುರೆ ಎಲ್ಲಿಂದ? ಆಗ ಕುದುರೆ ಎಲ್ಲ ಬರುತ್ತಿದ್ದದ್ದು ಈ ಅರಬ್ಬೀ ಕಡೆಯಿಂದಲೇ!”

ಇಬ್ಬರನ್ನೂ ಸಮಾಧಾನ ಮಾಡಲು ವಿನಯ್ ತನ್ನ ಮಾತುಗಳನ್ನೇ ಕಿತ್ತು ಹಂಚತೊಡಗಿದ. ಮಧ್ಯಾಹ್ನದ ಹೊತ್ತಿಗೆ ಮಹಾರಾಜನ ಪಾಲಿಗೆ ಉಳಿದದ್ದು ಒಂದು “ಹೂಂ” ಮಾತ್ರ. ಆದರೂ ಜಗಳ ನಿಲ್ಲಲಿಲ್ಲ.

ಕೊನೆಗೆ ಎಲಿಜಬೆತ್‌ಗೆ ಜ್ಞಾನೋದಯವಾಯಿತು. “ಈ ರಾಜ ಇರುವುದರಿಂದಲೇ ಅಲ್ಲವಾ ಜಗಳ? ಗಂಡ ತೀರಿಹೋದ ಮೇಲೆ ರಾಣಿಯರೇ ರಾಜ್ಯ ಆಳಿದ್ದು ಚರಿತ್ರೆಯಲ್ಲಿ ಉಂಟಲ್ಲ!”

ಚೂಡಾಮಣಿ ಆ ದಿನ ಮೊದಲ ಬಾರಿಗೆ ನಕ್ಕರು. “ಕರೆಕ್ಟು! ಮೊದಲ್ನೇ ಸೀನಲ್ಲೇ ಖಲಾಸ್! ಕಿರೀಟ ಈ ಕಡೆ ಕೊಡಪ್ಪ, ಸತ್ತೋನಿಗೆ ಯಾಕೆ?”

ವಿನಯ್ ಕೈ ಮುಗಿದ, ಹುಡುಗಿಯ ಮನೆಯವರು ನೋಡುವ ಗುಟ್ಟನ್ನೂ ಹೇಳಿಕೊಂಡ.

“ಅಯ್ಯೋ ಪಾಪ! ಹಾಗಾದ್ರೆ ಮುಖಕ್ಕೆ ಬಟ್ಟೆ ಮುಚ್ಚೋದು ಬೇಡ,” ಎಂದರು ಚೂಡಾಮಣಿ.

“ರಾಫೆಲ್‌ಗೆ ಹೇಳುತ್ತೇನೆ, ಒಂದು ಲೈಟು ಇವನ ತಲೆಗೇ ಬಿಡಲಿ,” ಎಂದರು ಎಲಿಜಬೆತ್.

ಸಂಜೆ ಪರದೆ ಸರಿದಾಗ ಮಹಾರಾಜರು ಮಂಚದ ಮೇಲೆ ಅಂಗಾತ ಮಲಗಿದ್ದರು. ನೆತ್ತಿ ಹುಣಸೆಹಣ್ಣಲ್ಲಿ ತಿಕ್ಕಿದ ಚೊಂಬಿನಂತೆ ಹೊಳೆಯುತ್ತಿತ್ತು. ರಾಣಿಯರು ಎರಡು ನಿಮಿಷ ಅತ್ತು, ಆಮೇಲೆ ಶವದ ಆಚೆಈಚೆ ನಿಂತು ಕೋಟೆ, ಬಂದರು, ಕುದುರೆ, ಆನೆ ಎಂದು ಗಂಟೆಗಟ್ಟಲೆ ರಾಜ್ಯವಾಳಿದರು. ಲೈಟಿನ ಕಾವಿಗೆ ಗೋಂದು ಕರಗಿ ಅಂಟಿಸಿದ್ದ ಮೀಸೆ ಮೆಲ್ಲಗೆ ಮೂಗಿನೊಳಗೆ ಹೊಕ್ಕಿತು. ವಿನಯ್ ಸೀನು ನುಂಗಿದ; ಕಣ್ಣಿಂದ ಧಾರಾಕಾರ ನೀರು ಇಳಿಯಿತು. “ನನ್ನೊಬ್ಬಳನ್ನು ಯಾರೂ ಕೇಳಲಿಲ್ಲ” ಎಂಬ ಮಾತಿಗೆ ಸಭಾಂಗಣವೆಲ್ಲ ಚಪ್ಪಾಳೆ ತಟ್ಟಿದಾಗ, ಬರೆದವನಿಗೆ ಎದ್ದು ಕೈ ಮುಗಿಯುವ ಯೋಗವೂ ಇರಲಿಲ್ಲ. ಸಂಬಂಧ ಮುರಿದುಬಿತ್ತೆಂದು ಅವನು ಮಲಗಿದ್ದಲ್ಲೇ ಕೈ ತೊಳೆದುಕೊಂಡ.

ನಾಟಕ ಮುಗಿದದ್ದೇ ಅಮ್ಮನ ಫೋನು. ಚೂಡಾಮಣಿಯೇ ಅದನ್ನು ಕಿತ್ತುಕೊಂಡು ಸ್ಪೀಕರ್ ಹಾಕಿದರು.

“ವಿನೂ, ಅವರಿಗೆಲ್ಲ ಒಪ್ಪಿಗೆ ಕಣೋ! ರಶ್ಮಿತಾಳ ಅಜ್ಜಿ ಹೇಳಿದ್ರು, ತಲೆ ಬೋಳಾದ್ರೇನಂತೆ, ಇಬ್ರು ಹೆಂಗಸರು ತಲೆ ಮೇಲೆ ನಿಂತು ಕೂಗಾಡಿದ್ರೂ, ಮೀಸೆ ಮೂಗಿಗೆ ಹೋದ್ರೂ ಹುಡುಗ ಮಿಸುಕಾಡ್ಲಿಲ್ಲ, ಕಣ್ಣೀರು ಹಾಕ್ಕೊಂಡು ಸಹಿಸ್ಕೊಂಡ ಅಂತ. ಅವರ ಮನೇಲಿ ಅಜ್ಜಿ, ತಾಯಿ, ಮೂರು ಜನ ಸೋದರತ್ತೆಯರು. ಇಂಥ ಅಳಿಯನನ್ನೇ ಹುಡುಕ್ತಿದ್ರಂತೆ. ಮದುವೆ ಆದ್ಮೇಲೆ ಎಲ್ರೂ ಸರದಿ ಮೇಲೆ ದೋಹಾಕ್ಕೆ ಬಂದು ಇರ್ತಾರಂತೆ!”

ಸಂತೋಷಪಡಲು ಹೊರಟ ವಿನಯನ ಮುಖ ಅರ್ಧಕ್ಕೇ ನಿಂತಿತು. ಅಮ್ಮ ಜೋಯಿಸರನ್ನು ಕೇಳುತ್ತೇನೆಂದಳು. ಚೂಡಾಮಣಿ ಅಧ್ಯಕ್ಷರನ್ನು ಕೇಳಿಬಂದರು. ಎಲಿಜಬೆತ್ ಅಂದಿನ ಊಟಕ್ಕೆ ಬಂದಿದ್ದ ಅಡುಗೆಯ ಯೂಸುಫನನ್ನು ಕೂಗಿ, ರಿಸೆಪ್ಶನ್ ಅಡುಗೆಗೆ ಯಾವ ದಿನ ಬಿಡುವಿದೆಯೆಂದು ಅಲ್ಲೇ ವಿಚಾರಿಸಿದರು.

“ಅಲ್ಲ, ನನ್ನನ್ನ ಯಾರೂ…”

“ಸುಮ್ಮನಿರು ಮಾರಾಯ, ನೀನು ಸತ್ತವನಲ್ಲವಾ?” ಎಂದರು ಎಲಿಜಬೆತ್.

ಅಷ್ಟರಲ್ಲಿ ಸಂಜೆಯಿಂದ ತಡೆದಿದ್ದ ಸೀನು ಸಿಡಿದೇಬಿಟ್ಟಿತು. ಫೋನಿನ ಆಚೆ ಅಮ್ಮ ಬೆಚ್ಚಿದಳು. “ಅಯ್ಯೋ, ಮದುವೆ ಮಾತಿನ ನಡುವೆ ಒಂಟಿ ಸೀನು! ಅಪಶಕುನ! ತಡಿ, ಈ ಸಂಬಂಧ ಬೇಡವೇನೋ…”

ವಿನಯನ ಕಣ್ಣು ಬೆಳಗಿತು. ಎರಡನೆಯದು ಬಾರದಿರಲೆಂದು ಎರಡೂ ಕೈಯಿಂದ ಮೂಗು ಒತ್ತಿ ಹಿಡಿದ. ಮೀಸೆಯ ಒಂದು ಕೂದಲು ಇನ್ನೂ ಒಳಗೇ ಇತ್ತು.

“ಆಕ್ಷೀ!”

“ಜೋಡಿ ಸೀನು! ಶುಭ, ಶುಭ!” ಎಂದರು ಮೂವರೂ ಒಟ್ಟಿಗೆ.