ಐದು ಒಲೆಗಳ ಮನೆ

ಹಣಮಯ್ಯನ ಹಣೆಬರಹ ಕೆಡಿಸಿದ್ದು ಹೊಗೆ. ತಾಂಡೂರಿನ ಗೃಹಸ್ಥರ ಓಣಿಯಲ್ಲಿ ದಿಕ್ಕಿಲ್ಲದ ಐವರು ಮುದುಕಿಯರು ಕೂಡಿ ಬಾಳುವ ಮನೆಯೊಂದಿತ್ತು. ಹಣಮಯ್ಯ ಅದನ್ನು ನೋಡಿಕೊಳ್ಳುವವನು. ಮುಂದಿನ ಕೋಣೆ ಅವನ ವಸತಿ. ಅದು ಬಿಟ್ಟರೆ ಅವನಿಗೂ ಬೇರೆ ದಿಕ್ಕಿರಲಿಲ್ಲ. ಮುದುಕಿಯರು ಹಿತ್ತಲಲ್ಲಿ ತಲೆಗೊಂದು ಒಲೆ ಹೂಡಿಕೊಂಡಿದ್ದರು. ಅಂದು ಬೆಳಿಗ್ಗೆ ಐದೂ ಒಟ್ಟಿಗೆ ಹೊತ್ತಿದವು. ಹೊಗೆಯೆಲ್ಲ ಗೋಡೆ ಹಾರಿ, ಪಕ್ಕದ ಮನೆಯ ವತ್ಸಲಾಬಾಯಿ ಒಣಹಾಕಿದ್ದ ಸಂಡಿಗೆಯ ಮೇಲೆ ಹೋಗಿ ಕೂತಿತು.

ನಿಜಾಮ ಸರ್ಕಾರದಲ್ಲಿ ಒಂದು ಅರ್ಜಿ ಕದಲಲು ಮೂರು ವರ್ಷ ಬೇಕು ಎನ್ನುವವರು ವತ್ಸಲಾಬಾಯಿಯನ್ನು ಕಂಡವರಲ್ಲ. ಆಕೆ ದೂರು ಕೊಟ್ಟ ಒಂದೇ ತಾಸಿನಲ್ಲಿ ಚಪರಾಸಿ ಪೀರಪ್ಪ ಉರ್ದು ಕಾಗದ ಹಿಡಿದು ಬಾಗಿಲಲ್ಲಿದ್ದ.

"ಮಧ್ಯಾಹ್ನ ದರೋಗಾ ಸಾಹೇಬ್ರು ತಪಾಸಣಿಗೆ ಬರ್ತಾರ. ಗೃಹಸ್ಥರ ಓಣ್ಯಾಗ ಮನಿಗೆ ಒಂದೇ ಸಂಸಾರ ಇರಬೇಕು, ಕಾನೂನು ಅದ. ಜಾಸ್ತಿ ಇದ್ರ ಅದು ಮುಸಾಫಿರಖಾನಾ, ದಾರಿಹೋಕರ ಛತ್ರ. ಸ್ಟೇಷನ್ ಕಡಿ ಹೋಗಬೇಕು."

"ಸಂಸಾರ ಎಷ್ಟು ಅಂತ ಹ್ಯಾಂಗ ಎಣಸ್ತಾರೋ?"

"ಒಲಿ ಎಣಸ್ತಾರ."

ಹಣಮಯ್ಯ ಹಿತ್ತಲಿಗೆ ಓಡಿ ಕೈಮುಗಿದ. "ಅವ್ವಗೋಳ್ಯಾ, ನಾಲ್ಕು ಒಲಿ ಒಡೀರಿ. ಇಲ್ಲಂದ್ರ ಎಲ್ಲರೂ ಬೀದಿಗೆ ಬೀಳ್ತೀವಿ!"

"ನಾ ಒಡ್ಯಂಗಿಲ್ಲ," ಎಂದಳು ಕಂಗ್ಟಿ ಕಡೆಯ ಮೋನಮ್ಮ. "ಗಂಡ ಹೋದ, ಕುರಿ ಹೋದವು, ಮನಿ ಹೋತು. ನಂದು ಅನ್ನಾಕ ಈ ಒಲಿ ಒಂದ ಉಳದದ."

ಮಾತು ಖರೆಯಾಗಿತ್ತು. ಒಡೆಯುವುದು ಬೇಡ, ಮುಚ್ಚಿಡೋಣ ಎಂದು ತೀರ್ಮಾನವಾಯಿತು. ಮೋನಮ್ಮನ ಒಲೆಯ ಮೇಲೆ ಬೇಳೆ ಕುದಿಯುತ್ತಿದ್ದುದರಿಂದ ಅದೊಂದನ್ನು ಬಿಟ್ಟರು. ಒಂದರ ಮೇಲೆ ತುಳಸಿ ಕುಂಡ ಏರಿತು. ಒಂದಕ್ಕೆ ಬುಟ್ಟಿ ಕವುಚಿದರು. ಇನ್ನೊಂದಕ್ಕೆ ಕೌದಿ ಹೊದಿಸಿ ಪಕ್ಕದಲ್ಲಿ ಒಬ್ಬಾಕೆ ಜ್ವರ ಬಂದವಳಂತೆ ನರಳುತ್ತಾ ಮಲಗಿದಳು. ಸರಸ್ವತೀಬಾಯಿಯ ಒಲೆ ಇನ್ನೂ ಆರಿರಲಿಲ್ಲ. ದರೋಗಾ ಕಾಶಿರಾಮನ ಬೂಟಿನ ಸದ್ದು ಕೇಳಿದ್ದೇ ತಡ, ಆಕೆ ಅದರ ಮೇಲೊಂದು ತೆಳು ಮಣೆ ಹಾಕಿ, ಸೀರೆ ಹರಡಿ ಕೂತುಬಿಟ್ಟಳು.

ಕಾಶಿರಾಮ ಹಿತ್ತಲೆಲ್ಲ ಕಣ್ಣಾಡಿಸಿದ. "ಇಷ್ಟು ಮಂದೀಗೆ ಒಂದೇ ಒಲಿ?"

"ಒಂದೇ ರಿ ಸಾಹೇಬ್ರ. ಒಂದೇ ಸಂಸಾರ," ಎಂದ ಹಣಮಯ್ಯ.

ಮಣೆ ಕಾಯತೊಡಗಿತು. ಸರಸ್ವತೀಬಾಯಿ ಮೊದಲು ಎಡಕ್ಕೆ ವಾಲಿದಳು, ಆಮೇಲೆ ಬಲಕ್ಕೆ ವಾಲಿದಳು. ಕೊನೆಗೆ ಕೂತಲ್ಲೇ ಪುಟಿಯಲಾರಂಭಿಸಿದಳು.

"ಈಕೀಗೆ ಏನ್ ಆಗ್ಯಾದ?"

"ದೇವಿ ಅಂಬಾಬಾಯಿ ಮೈಮ್ಯಾಗ ಬಂದಾಳ ರಿ!" ಎಂದು ಕೂಗಿ ಹಣಮಯ್ಯ ಅಡ್ಡಬಿದ್ದ. ಮುದುಕಿಯರೂ ಅಡ್ಡಬಿದ್ದರು. ಜ್ವರದವಳೂ ಎದ್ದು ಬಂದು ಅಡ್ಡಬಿದ್ದಳು. ಕಾಶಿರಾಮ ರುಮಾಲು ತೆಗೆದು ಕೈಮುಗಿದ.

"ಈ ಮನ್ಯಾಗ ಒಂದೇ ಒಲೀ! ಲಗೂನ ಬರಿ! ಬರದು ಹೋಗೋ!" ಎಂದು ಸರಸ್ವತೀಬಾಯಿ ಚೀರಿದಳು. ಅಷ್ಟು ಮನಸಾರೆ ಚೀರಿದ ದೇವಿಯನ್ನು ದರೋಗಾ ಜನ್ಮದಲ್ಲೇ ಕಂಡಿರಲಿಲ್ಲ. ನಿಂತಲ್ಲೇ ಬರೆದುಕೊಟ್ಟ: ಒಂದು ಒಲೆ, ಒಂದು ಸಂಸಾರ, ಈ ಓಣಿಯಲ್ಲೇ ಇರಬಹುದು.

"ಆ ಬುಟ್ಟಿ ಎತ್ತಿ ನೋಡ್ರಿ!" ಎಂದು ಗೋಡೆಯಾಚೆಯಿಂದ ವತ್ಸಲಾಬಾಯಿ ಕೂಗಿದಳು.

ಕಾಶಿರಾಮ ಕೆಂಡವಾದ. "ಸುಳ್ಳು ಅರ್ಜಿ ಕೊಟ್ಟು ದೇವೀನ ಪರೀಕ್ಷೆ ಮಾಡ್ಸತಿ? ನಿಮ್ಮ ಮನಿ ನೋಡ್ತೀನಿ ಬಾ!"

ಅವನು ಆ ಮನೆಗೆ ನುಗ್ಗಿದ. ಅಲ್ಲಿ ಒಲೆಗಳು ಎರಡು. ಪಡಸಾಲೆಯದು ಅತ್ತೆ ವತ್ಸಲಾಬಾಯಿಯದು, ಒಳಗಿನದು ಸೊಸೆ ಕೌಶಲ್ಯಾಳದು. ಒಬ್ಬರ ಕೈಯಡುಗೆ ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ರಕ್ತಸಂಬಂಧ, ನೆಂಟಸ್ತಿಕೆ ಯಾವುದೂ ಕಾನೂನಿಗೆ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಒಲೆ. ಸಂಜೆಯೊಳಗೆ ಒಂದು ಒಡೆಯಬೇಕೆಂದು ಹುಕುಂ ಆಯಿತು.

ಇತ್ತ ಮುದುಕಿಯರು ಬುಟ್ಟಿ, ಕೌದಿ ಕಿತ್ತು ಒಲೆ ಹೊತ್ತಿಸಿದರು. ಹಣಮಯ್ಯ ಕಾಗದವನ್ನು ಕಣ್ಣಿಗೊತ್ತಿಕೊಂಡು ಕಟ್ಟೆಯ ಮೇಲೆ ಕೂತ. ಇಷ್ಟು ಹಗುರಾಗಿ ಅವನು ಎಂದೂ ಉಸಿರಾಡಿರಲಿಲ್ಲ. ಹೊತ್ತಿಳಿಯುವ ಮುಂಚೆ ವತ್ಸಲಾಬಾಯಿ ಬಂದು ನಿಂತಳು. ಕಂಕುಳಲ್ಲಿ ಗಂಟು, ತಲೆಯ ಮೇಲೆ ಒಲೆಯ ಮೂರು ಕಲ್ಲು.

"ಆಕಿ ಕೈಯಾನ ಕೂಳು ಸತ್ತರೂ ಉಣ್ಣಂಗಿಲ್ಲ. ಇಲ್ಲೇ ಇರ್ತೀನಿ. ನಿಮ್ಮ ಬಲ್ಲಿ ಕಾಗದ ಅದ."

ಸೊಸೆಯಿಂದ ನೊಂದು ಬಂದವಳು ಎಂದರೆ ಮುದುಕಿಯರ ಕರುಳು ಚುರುಕ್ಕೆನ್ನದೇ? ಎಲ್ಲರೂ ಕೂಡಿ ಒಳಗೆ ಕರೆದರು. ವತ್ಸಲಾಬಾಯಿ ಹೊಸ್ತಿಲಲ್ಲೇ ನಿಂತು ಮುಂದಿನ ಕೋಣೆಗೆ ಇಣುಕಿದಳು.

"ಇಲ್ಲಿ ಯಾರು ಇರ್ತಾರ?"

"ನಾನೇ ರಿ," ಎಂದ ಹಣಮಯ್ಯ.

"ಅಯ್ಯ, ಪರ ಗಂಡಸು ಇದ್ದ ಮನ್ಯಾಗ ನಾ ಹ್ಯಾಂಗ ಇರ್ಲಿ? ಓಣಿ ಮಂದಿ ಏನ್ ಅಂದಾರು?"

ಐವರೂ ಮುಖ ಮುಖ ನೋಡಿಕೊಂಡರು. ಇಷ್ಟು ವರ್ಷ ಹೊಳೆಯದಿದ್ದ ಸಂಗತಿ ಈಗ ಹೊಳೆದಿತ್ತು. ಮೋನಮ್ಮ ಒಳಗೆ ಹೋಗಿ ಅವನ ಹಾಸಿಗೆ ಸುತ್ತಿ ತಂದು ಕೈಗಿತ್ತಳು.

"ಉಣ್ಣಾಕ ದಿನಾ ಬಾರಪಾ ತಮ್ಮಾ," ಎಂದಳು, ಅಂತಃಕರಣದಿಂದ. "ಈಗ ಆರು ಒಲಿ ಅವ."