ಎರಡನೆಯ ಚರಣದ ನಂತರದ ಕೊಳಲು

ನೀರು ಸರಬರಾಜು ಕಚೇರಿಯ ಗುಮಾಸ್ತನಿಗೆ ‘ಕೊಳಲಯ್ಯ’ ಎಂಬ ಅಡ್ಡಹೆಸರು ಬಂದದ್ದು ಅವನ ಬಾಯಿಂದಲೇ. ಇಪ್ಪತ್ತೆಂಟು ವರ್ಷಗಳ ಹಿಂದೆ ಒಂದು ಹಾಡಿನ ಧ್ವನಿಮುದ್ರಣದಲ್ಲಿ ತಾನು ಕೊಳಲು ನುಡಿಸಿದ್ದೆ, ತನಗೊಬ್ಬನಿಗೇ ಬೇರೆ ಗಾಜಿನ ಕೋಣೆ, ಬೇರೆ ಮೈಕು ಕೊಟ್ಟಿದ್ದರು ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಆ ಗ್ರಾಮಫೋನ್ ತಟ್ಟೆ ಅವನಿಗೆ ಸಿಕ್ಕಿದ್ದು ಮಾತ್ರ ಹಳೇ ಸಾಮಾನಿನ ಅಂಗಡಿಯಲ್ಲಿ, ಪೂರ್ತಿ ಸವೆದ ಮೇಲೆ. ಎರಡನೆಯ ಚರಣ ಮುಗಿದು ಕೊಳಲು ಬರಬೇಕಾದಲ್ಲಿ ಬರೀ ಗರಗರ. ಅವನನ್ನು ನಂಬಿದವಳು ಹೆಂಡತಿ ಒಬ್ಬಳೇ.

“ಕೊಳಲಯ್ಯನೋರ ಕೊಳಲು ದೇವರ ಹಾಗೆ. ಇದೆ ಅಂತಾರೆ, ಕಂಡೋರಿಲ್ಲ” ಎಂದು ಶನಿವಾರ ಹೆಡ್‌ಕ್ಲಾರ್ಕ್ ಕಚೇರಿಯನ್ನೆಲ್ಲ ನಗಿಸಿದ. ಕೊಳಲಯ್ಯನಿಗೆ ಮೈ ಉರಿಯಿತು. “ನಾಳೆ ನಾಲ್ಕು ಗಂಟೆಗೆ ಎಲ್ಲರೂ ಮನೆಗೆ ಬನ್ನಿ, ಕೇಳಿಸ್ತೀನಿ” ಎಂದುಬಿಟ್ಟ.

ಭಾನುವಾರ ಬೆಳಿಗ್ಗೆಯೇ ರೇಡಿಯೋ ರಿಪೇರಿಯವನ ಬಾಗಿಲು ತಟ್ಟಿದ.

“ನಿಮ್ಮ ಗ್ರಾಮಫೋನಿನ ಮುಳ್ಳಿನ ತುದಿ ಗುಂಡಗಿದೆ, ತಟ್ಟೆಯ ಗೀರಿನ ಮೇಲ್ಮೇಲೇ ತೇಲುತ್ತೆ” ಎಂದ ರಿಪೇರಿಯವನು. “ಸವೆದಿರೋದೂ ಅಲ್ಲೇ. ಸಣ್ಣಗೆ ತಿದ್ದಿದ ವಜ್ರದ ತುದಿಯಾದ್ರೆ ಆಳಕ್ಕಿಳಿಯುತ್ತೆ. ಅದನ್ನ ಹಿಡ್ಕೊಂಡಿರೋ ಕಡ್ಡೀನೂ ಬದಲಾಗ್ಬೇಕು. ಅಲ್ಯೂಮಿನಿಯಂ ಕಡ್ಡಿ ಬಳುಕುತ್ತೆ, ಸಣ್ಣ ಸದ್ದನ್ನೆಲ್ಲ ನುಂಗಿಹಾಕುತ್ತೆ. ಬೋರಾನ್ ಕಡ್ಡಿ ಹಗುರ, ಗಟ್ಟಿ. ಅದು ಚಾಡಿಕೋರ ಇದ್ದಹಾಗೆ, ಕೇಳಿದ್ದನ್ನೆಲ್ಲ ಹೇಳಿಬಿಡುತ್ತೆ.”

ಕೊಳಲಯ್ಯ ದುಡ್ಡಿನ ಬದಲು ಸೈಕಲ್ಲನ್ನು ಅಲ್ಲೇ ಕೊಟ್ಟು, ಹೊಸ ಮುಳ್ಳನ್ನು ಅಂಗೈಯಲ್ಲಿಟ್ಟುಕೊಂಡು ನಡೆದು ಬಂದ.

ಮನೆಯಲ್ಲಿ ಭಾಮೈದ ಕಾದಿದ್ದ. ಎಲ್ಲದಕ್ಕೂ ಮೂಗು ತೂರಿಸುವ ಆಸಾಮಿ. “ಇಷ್ಟು ತೆಳ್ಳಗಿದ್ರೆ ತಟ್ಟೆ ಮೇಲೆ ನಿಲ್ಲುತ್ತಾ ಭಾವ?” ಎನ್ನುತ್ತ ಬೆರಳಿನಿಂದ ಒತ್ತಿ ನೋಡಿದ. ಪಟ್ ಎಂದಿತು.

“ಏನೂ ಆಗಿಲ್ಲ ಭಾವ. ಒಂದಿದ್ದದ್ದು ಎರಡಾಯ್ತು, ಅಷ್ಟೆ.”

ಎರಡನೆಯ ಮುಳ್ಳಿಗೆ ಕೈಗಡಿಯಾರ ಹೋಯಿತು. ಹಾಗಾಗಿ ನಾಲ್ಕು ಗಂಟೆಯಾದದ್ದು ಅವನಿಗೆ ತಿಳಿದದ್ದು ಹೆಡ್‌ಕ್ಲಾರ್ಕ್ ದಂಡಿನ ಸಮೇತ ಒಳಗೆ ಬಂದಾಗಲೇ. ಎದುರುಮನೆಯಾಕೆ ತನ್ನ ಕುರ್ಚಿಯನ್ನು ತಾನೇ ಹೊತ್ತು ತಂದು ಮುಂದಿನ ಸಾಲಿನಲ್ಲಿ ಕೂತಳು.

ತಟ್ಟೆ ತಿರುಗಿತು. ಗಾಯಕಿ ಉಸಿರೆಳೆದದ್ದು ಕೇಳಿಸಿತು. ಯಾರೋ ಹಾಳೆ ಮಗುಚಿದ್ದು, ಕುರ್ಚಿ ಕಿರುಗುಟ್ಟಿದ್ದು ಎಲ್ಲವೂ ಪಕ್ಕದ ಕೋಣೆಯಲ್ಲಿ ನಡೆದಂತಿತ್ತು. ಹೆಡ್‌ಕ್ಲಾರ್ಕ್ ನಗುವುದನ್ನು ನಿಲ್ಲಿಸಿ ಮುಂದಕ್ಕೆ ಬಾಗಿದ. ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದಳು.

ಎರಡನೆಯ ಚರಣ ಮುಗಿಯಿತು. ಗರಗರ ಇರಲೇ ಇಲ್ಲ. ಮೆಲ್ಲಗೆ ತಾಳವೊಂದೇ ನಡೆದಿತ್ತು. ಅದರ ಹಿಂದಿನಿಂದ ಪಿಸುದನಿಯೊಂದು ಕೇಳಿಸಿತು: “ಆ ಕೊಳಲಿನವನ ಮೈಕು ಬಂದ್ ಮಾಡಿದೀರಾ?”

“ಆಗಲೇ ಬಂದ್ ಮಾಡಿದೀನಿ ಸಾರ್. ಊದ್ಕೊಂಡಿರ್ಲಿ ಬಿಡಿ, ಪಾಪ.”

ಮೂರನೆಯ ಚರಣ ಶುರುವಾಯಿತು.

ಯಾರೂ ನಗಲಿಲ್ಲ. ಹಳೆಯ ಮುಳ್ಳು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ, ಹೌದೆನ್ನದೆ ಇಲ್ಲವೆನ್ನದೆ, ಇಷ್ಟು ವರ್ಷ ಅವನ ಮಾನ ಕಾದಿತ್ತು. “ಇನ್ನೊಂದ್ಸಲ ಹಾಕಿ ಭಾವ, ಸರಿಯಾಗಿ ಕೇಳಿಸ್ಲಿಲ್ಲ” ಎಂದ ಭಾಮೈದನನ್ನು ಅಕ್ಕ ಕಣ್ಣಲ್ಲೇ ಸುಟ್ಟಳು.

ಹೆಡ್‌ಕ್ಲಾರ್ಕ್ ಎದ್ದು ಬಂದು ಕೊಳಲಯ್ಯನ ಭುಜದ ಮೇಲೆ ಕೈಯಿಟ್ಟ. “ನೀವು ಹೇಳಿದ್ದು ನಿಜ ಕಣ್ರೀ” ಎಂದ, ತುಂಬ ಮೆತ್ತಗೆ. “ನೀವು ಅಲ್ಲಿದ್ರಿ.”

ಅಷ್ಟು ವರ್ಷಗಳ ಗೇಲಿಯನ್ನು ತಡೆದುಕೊಂಡಿದ್ದ ಕೊಳಲಯ್ಯನಿಗೆ ಆ ಮರ್ಯಾದೆಯನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.